ಎಡಬದಿ ಖಾಲಿ

೯ ಡಿಸೆಂಬರ್ ೧೯೭೪, ಸೋಮವಾರ. ಹೊಸದುರ್ಗ

ಪ್ರವಾಸಿ ಮಂದಿರದಲ್ಲಿ ಒಂದು ಕೋಣೆ ಸಿಕ್ಕಿದೆ. ಬಾಗಿಲಿಗೆ ಚಿಲಕವಿಲ್ಲ, ಕಿಟಕಿಗೆ ಗಾಜಿಲ್ಲ, ಮಂಚದಲ್ಲಿ ತಿಗಣೆಗೆ ಮಾತ್ರ ಬರವಿಲ್ಲ. ಮಾತಾಡಲು ಜನ ಇಲ್ಲದ್ದರಿಂದ ಈ ದಿನಚರಿ. ಹೊಸದುರ್ಗದಿಂದ ಒಂದು ಕಡೆ ಹಿರಿಯೂರಿನವರೆಗೆ, ಇನ್ನೊಂದು ಕಡೆ ಹೊಳಲ್ಕೆರೆಯವರೆಗೆ ರಸ್ತೆಯನ್ನು ಅಗಲ ಮಾಡಬಹುದೇ, ಮಾಡಿದರೆ ಯಾವ ಬದಿಗೆ, ಅಡ್ಡ ಬರುವುದು ಏನೇನು ಎಂದು ನೋಡಿ ಫೆಬ್ರವರಿಯೊಳಗೆ ವರದಿ ಕೊಡಬೇಕು. ಫೈಲು ಕೈಗಿಡುವಾಗ ಸಾಹೇಬರು, "ಮೂರ್ತಪ್ಪ, ನೀವು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡೋ ಮನುಷ್ಯ, ಅದಕ್ಕೇ ನಿಮಗೆ ಕೊಟ್ಟಿದ್ದು" ಎಂದರು. ಅದು ಹೊಗಳಿಕೆಯೋ, ಬೇರೆ ಯಾವ ಇಂಜಿನಿಯರೂ ಈ ಧೂಳಿಗೆ ಒಪ್ಪಲಿಲ್ಲವೋ, ಅವರಿಗೇ ಗೊತ್ತು.

ಸರ್ವಮಂಗಳಳನ್ನು ಚಿತ್ರದುರ್ಗದಲ್ಲಿ ಅವಳ ತಾಯಿಯ ಮನೆಗೆ ಬಿಟ್ಟು ಬಂದೆ. ಚೊಚ್ಚಲು ಬಸಿರು, ದಿನ ತುಂಬುತ್ತ ಬಂದಿದೆ. ಹೊರಡುವಾಗ "ಯಾಕೋ ಹೆದರಿಕೆ ಆಗುತ್ತೆ" ಎಂದಳು. "ಲೋಕದಲ್ಲಿ ಯಾರೂ ಹೆತ್ತೇ ಇಲ್ಲವೇ" ಎಂದೆ. ಧೈರ್ಯ ಹೇಳಲೆಂದೇ ಅಂದದ್ದು. ಅವಳು ಮುಖ ಆ ಕಡೆ ತಿರುಗಿಸಿಕೊಂಡಳು.

೧೩ ಡಿಸೆಂಬರ್

ಇದಕ್ಕೆ ರಸ್ತೆ ಎಂದು ಹೆಸರಿಟ್ಟವನು ದೊಡ್ಡ ಮನಸ್ಸಿನವನಿರಬೇಕು. ಹನ್ನೆರಡು ಅಡಿ ಟಾರು, ಅದೂ ಅಂಚಿನಲ್ಲಿ ಇಲಿ ಕಡಿದ ರೊಟ್ಟಿಯ ಹಾಗಿದೆ. ಎದುರಿನಿಂದ ಲಾರಿ ಬಂದರೆ ಯಾರಾದರೊಬ್ಬರು ಮಣ್ಣಿಗಿಳಿಯಬೇಕು, ಇಳಿದವನ ಚಕ್ರ ಎರೆಮಣ್ಣಿನಲ್ಲಿ ಹೂತುಕೊಳ್ಳುತ್ತದೆ. ಗುಂಡಿಗಳನ್ನು ಗುರುತು ಹಾಕಿಕೊಳ್ಳುವುದರಲ್ಲೇ ಬೆಳಗಿನ ಹೊತ್ತು ಮುಗಿಯುತ್ತದೆ. ಈ ರಸ್ತೆ ಅಗಲವಾಗಲೇಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ.

ಅಳತೆಯ ಸರಪಳಿ ಹಿಡಿಯಲು ನಿಂಗಪ್ಪ ಇದ್ದಾನೆ, ಹೊಸದುರ್ಗದವನು. ಬಾಯಿ ಮುಚ್ಚಿದ್ದನ್ನು ನಾನಿನ್ನೂ ನೋಡಿಲ್ಲ. ಜೀಪಿಗೆ ಮುದ್ದಣ್ಣ. ಅವನು ಹಾರನ್ನಿಗೂ ಬಾಯಿಗೂ ಭೇದವಿಲ್ಲದಂತೆ ಕೂಗುತ್ತಾನೆ. ಇವತ್ತು ಒಂದು ಕುರಿಮಂದೆ ರಸ್ತೆಗೆ ಬಂದು, ಅದು ಪೂರ್ತಿ ದಾಟುವವರೆಗೆ ಬಸ್ಸು, ಎರಡು ಲಾರಿ, ನಾವು ಎಲ್ಲರೂ ನಿಂತೆವು. ವಾಹನ ಎಣಿಸುವ ನಮ್ಮ ಹಾಳೆಯಲ್ಲಿ ಗಾಡಿಗೆ ಕಾಲಂ ಇದೆ, ಸೈಕಲ್ಲಿಗಿದೆ, ಕುರಿಗಿಲ್ಲ. "ಕುರೀನ ಯಾರ್ ಕೇಳ್ತಾರೆ ಸಾ, ಕುರಿಗೆ ವೋಟೈತಾ?" ಎಂದ ನಿಂಗಪ್ಪ.

೧೮ ಡಿಸೆಂಬರ್

ಹಿರಿಯೂರಿನ ಕಡೆಗೆ ಅಳೆಯುತ್ತ ಇವತ್ತು ಒಂದು ಗೊಲ್ಲರ ಹಟ್ಟಿಯ ಬಳಿ ಬಂದೆವು. ಅಲ್ಲಿ ರಸ್ತೆ ತಿರುಗುತ್ತದೆ. ಬಲಕ್ಕೆ ಗುಂಡುಕಲ್ಲಿನ ಗುಡ್ಡ, ಸಿಡಿಮದ್ದಿಟ್ಟಲ್ಲದೆ ಬಗ್ಗುವುದಿಲ್ಲ. ಎಡಕ್ಕೆ ಅಂಗೈಯಂಥ ಬಯಲು. ಅದರಾಚೆ ಒಂದು ಕೂಗಳತೆಯಲ್ಲಿ ಮುಳ್ಳುಬೇಲಿ, ಬೇಲಿಯೊಳಗೆ ಹಟ್ಟಿ. ಎಡಕ್ಕೆ ಅಗಲ ಮಾಡಬೇಕೆಂದು ಕುರುಡನೂ ಹೇಳುತ್ತಾನೆ.

ಆದರೆ ರಸ್ತೆಯ ಅಂಚಿಗೇ ಕಡ್ಡಿ ಸೊಪ್ಪಿನ ಮೂರು ಗುಡ್ಲುಗಳಿದ್ದವು. ಎದೆಯೆತ್ತರವೂ ಇಲ್ಲ, ಒಳಗೆ ಹೋಗಬೇಕಾದರೆ ತೆವಳಬೇಕು. ಕುರಿಮರಿ ಕೂಡುವುದಕ್ಕಿರಬೇಕು ಎಂದುಕೊಂಡು ಹತ್ತಿರ ಹೋದರೆ ಒಂದರೊಳಗಿಂದ ಹೊಗೆ ಬರುತ್ತಿತ್ತು, ಮಗು ಅಳುತ್ತಿತ್ತು. ನಿಂಗಪ್ಪ ಸರಪಳಿ ಕೆಳಗಿಟ್ಟು ನಿಂತುಬಿಟ್ಟ.

"ಬಾಣಂತಿ ಅವ್ಳೆ ಸಾ. ಹತ್ರ ಹೋಗಬಾರ್ದು. ಹಟ್ಟಿ ಒಳಗೆ ಅವರ ದೇವ್ರು ಐತೆ, ಹೆರಿಗೆ ಆದೋರು, ಮುಟ್ಟಾದೋರು ಒಳಗಿರಂಗಿಲ್ಲ. ತಿಂಗಳೋ ಎರಡು ತಿಂಗಳೋ ಹೊರಗೇ."

ಅಷ್ಟರಲ್ಲಿ ಹಟ್ಟಿಯ ಯಜಮಾನ ಕಾಟಲಿಂಗಪ್ಪ ಬಂದ. ಹೆಗಲಲ್ಲಿ ಕಂಬಳಿ, ಕೈಯಲ್ಲಿ ನಮಗಾಗಿ ಮಜ್ಜಿಗೆಯ ಚೊಂಬು. ವಯಸ್ಸಾದರೂ ಬೆನ್ನು ಬಾಗದ ಆಳು. "ಕುಂತ್ಕಳ್ರಿ ಸ್ವಾಮಿ, ಬಿಸ್ಲಾಗೆ ಬಂದೀರಿ" ಎಂದ. ಗುಡ್ಲುಗಳು ಯಾರವು ಎಂದು ಕೇಳಿದೆ.

"ಯಾರ್ದೂ ಅಲ್ಲ."

"ಒಳಗೆ ಇರೋರು?"

ಅವನು ಗುಡ್ಡದ ಕಡೆ ನೋಡಿದ. "ಅಲ್ಲಿ ಏನೂ ಇಲ್ಲ ಅಂತ ಬರ್ಕಳ್ರಿ ಸ್ವಾಮಿ. ಅದು ಮನೇನೂ ಅಲ್ಲ, ಕಟ್ಟಡಾನೂ ಅಲ್ಲ. ರಸ್ತೆ ದೊಡ್ಡದಾದ್ರೆ ನಮಗೂ ಒಳ್ಳೇದೇ."

ಹಾಗೆಯೇ ಬರೆದುಕೊಂಡೆ: ಎಡಬದಿ ಖಾಲಿ. ರಸ್ತೆ ಎಲ್ಲಿಯವರೆಗೆ ಬರುತ್ತದೆಂದು ಕಾಣಲಿ ಎಂದು ಬಯಲಿನುದ್ದಕ್ಕೂ ಗೂಟ ಹೊಡೆಸಿದೆ. ಮೂರು ಗುಡ್ಲುಗಳೂ ಗೂಟದ ಒಳಗೆ ಬಂದವು. ಒಂದೇ ಕಲ್ಲಿಗೆ ಎರಡು ಹಕ್ಕಿ ಬಿದ್ದ ಹಾಗಾಯಿತು, ರಸ್ತೆಗೂ ಜಾಗ, ಈ ಅನಿಷ್ಟಕ್ಕೂ ಕೊನೆ. ಎಂಟುನೂರು ವರ್ಷದ ಹಿಂದೆಯೇ ಸೂತಕವಿಲ್ಲ ಎಂದು ಸಾರಿದವರ ಮನೆಯಲ್ಲಿ ಹುಟ್ಟಿದವನು ನಾನು. ಹಸಿ ಬಾಣಂತಿಯನ್ನು ಬೀದಿಯಲ್ಲಿಡುವವರನ್ನು ಕಂಡರೆ ಮೈ ಉರಿಯುತ್ತದೆ.

೧೯ ಡಿಸೆಂಬರ್

ಗುಡ್ಲಿನ ಹೆಂಗಸು ಇವತ್ತು ತಾನಾಗಿಯೇ ಕೂಗಿ ಮಾತಾಡಿಸಿದಳು. ಹೆಸರು ಚಿತ್ತಮ್ಮ. ಇಪ್ಪತ್ತರ ಸುಮಾರು. ಗುಡ್ಲಿನ ಬಾಯಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಬಿಸಿಲು ಕಾಯಿಸುತ್ತ ಕೂತಿದ್ದಳು. ನಾನು ರಸ್ತೆಯಲ್ಲೇ ನಿಂತೆ.

"ಈ ಗೂಟ ಯಾಕೆ ಸ್ವಾಮಿ?"

"ಇಲ್ಲೀವರೆಗೆ ರಸ್ತೆ ಬರುತ್ತೆ. ಈ ಗುಡ್ಲು ಇರೋದಿಲ್ಲ." ಸಿಹಿ ಸುದ್ದಿ ಹೇಳುವ ಧಾಟಿಯಲ್ಲೇ ಹೇಳಿದೆ.

"ಆಮ್ಯಾಕೆ ನಾವೆಲ್ಲಿರಾದು?"

"ಎಲ್ಲಿ ಅಂದರೆ? ಮನೆಯಲ್ಲಿ."

ಅವಳು ನಕ್ಕುಬಿಟ್ಟಳು. ಆ ನಗುವಿಗೆ ಮಗು ಬೆಚ್ಚಿತು. "ಮನೇಲಾ! ಹಳ್ಳಕ್ಕೆ ಕಳಿಸ್ತಾರೆ ನೋಡ್ರಿ. ಮೊದ್ಲು ಅಲ್ಲೇ ಇದ್ದಿದ್ದಂತೆ ಗುಡ್ಲು, ಹಟ್ಟಿ ಹಿಂದ್ಲ ತಗ್ಗಿನಾಗೆ. ಥಂಡಿ, ಕೆಸರು, ತ್ವಾಳ. ನಮ್ಮತ್ತೆ ಓಬವ್ವ ಜಗಳಾಡಿ ಇಲ್ಲಿಗೆ ತರ್ಸಿದ್ಲು. ರಸ್ತೆ ಮಗ್ಗುಲು ನೆಲ ಒಣಗಿರ್ತೈತೆ. ಬಸ್ಸು ಓಡಾಡ್ತೈತೆ, ಮನುಷ್ಯರ ಮಕ ಕಾಣ್ತೈತೆ. ಗೂಟ ಆ ಕಡೀಕೆ ಹೊಡೀರಿ ಸ್ವಾಮಿ, ಗುಡ್ಡದ ಕಡೀಕೆ."

ಗುಡ್ಡ ಒಡೆಯಲು ಆಗುವ ಖರ್ಚು, ಸರ್ಕಾರದ ನಿಯಮ, ಕಾಲ ಬದಲಾಗುವುದು, ಎಲ್ಲವನ್ನೂ ವಿವರಿಸಿದೆ. ಅವಳು ಮಗುವಿನ ಕಾಲು ನೀವುತ್ತ ಕೇಳಿದಳು, ಒಂದನ್ನೂ ಒಪ್ಪಲಿಲ್ಲ. ಸೆರೆಮನೆಯ ಬಾಗಿಲು ತೆಗೆದರೆ ಕೈದಿಯೇ ಬೇಡ ಅಂದ ಹಾಗಾಯಿತು. ನನಗೆ ರೇಗಿಹೋಯಿತು.

೨೧ ಡಿಸೆಂಬರ್, ಶನಿವಾರ

ಹಿರಿಯೂರಿನ ಸಂತೆ ಬಸ್ಸಿನ ಹಿಂದೆ ಸಿಕ್ಕಿಹಾಕಿಕೊಂಡು ಧೂಳು ಕುಡಿಯುತ್ತ ಹೋಗುತ್ತಿದ್ದೆವು. ಹಟ್ಟಿಯ ತಿರುವಿನಲ್ಲಿ ಬಸ್ಸು ಕಾರಣವಿಲ್ಲದೆ ನಿಧಾನವಾಯಿತು. ಎಡಗಡೆಯ ಕಿಟಕಿಯಿಂದ ಒಬ್ಬಳು ಸೊಂಟದವರೆಗೆ ಹೊರಗೆ ಬಾಗಿದಳು. ಚಿತ್ತಮ್ಮ ರಸ್ತೆಯ ಅಂಚಿಗೆ ಬಂದು ಮಗುವನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದಳು. ಬಸ್ಸಿನವಳು ಏನೋ ಕೂಗಿದಳು, ಇವಳು ಏನೋ ಕೂಗಿದಳು. ಬಸ್ಸು ಹೋಯಿತು.

"ಅವರವ್ವ ಸಾ, ಕಾಟಮ್ಮ ಅಂತ" ಎಂದ ಮುದ್ದಣ್ಣ. "ಬಾಗೂರು ಕಡೆಯೋಳು. ಇಳಿದ್ರೆ ಮಗಳನ್ನ ಮುಟ್ಟದೆ ಇರಕ್ಕಾಯ್ತದಾ? ಮುಟ್ಟಿದ್ರೆ ಅವಳೂ ಹೊರಗೇ ಉಳೀಬೇಕು, ಮನೇಲಿ ಕುರಿ ಕಾಯೋರು ಯಾರು? ಅದಕ್ಕೆ ಸಂತೆಗೆ ಹೋಗಾವಾಗ ಕಿಟಕೀಲಿ ನೋಡ್ಕಂಡು ಹೋಗ್ತಾಳೆ. ಬಸ್ಸಿನ ಡ್ರೈವರು ಪುಣ್ಯಾತ್ಮ, ಅಲ್ಲಿ ಗೇರ್ ಇಳಿಸ್ತಾನೆ."

ತಿರುವಿನ ಬಗ್ಗೆ ವರದಿಗೆ ಬೇಕಾದ ಒಂದು ಅಂಶ ಹೊಳೆಯಿತು: ಅಗಲವಾದ ಮೇಲೆ ಇಲ್ಲಿ ವಾಹನಗಳು ವೇಗ ತಗ್ಗಿಸಬೇಕಾಗುವುದಿಲ್ಲ. ಅನುಕೂಲಗಳ ಪಟ್ಟಿಯಲ್ಲಿ ಸೇರಿಸಿದೆ.

೨೮ ಡಿಸೆಂಬರ್

ಚಿತ್ರದುರ್ಗದಿಂದ ಫೋನು ಬಂದಿದೆ ಎಂದು ಪ್ರವಾಸಿ ಮಂದಿರ ನೋಡಿಕೊಳ್ಳುವ ಮೇಟಿ ಓಡಿ ಬಂದ. ಸರ್ವಮಂಗಳಗೆ ನೋವು ಶುರುವಾಗಿದೆಯಂತೆ. ಸಾಮಾನು ಕಟ್ಟಿಕೊಂಡು ಹೊರಡುವ ಮೊದಲು, ಅಳತೆಯ ಸಾಮಾನು ತರಲು ಹಟ್ಟಿಯ ಹತ್ತಿರ ಹೋಗಿದ್ದೆ. ಕಾಟಲಿಂಗಪ್ಪನೂ ಇನ್ನು ನಾಲ್ಕು ಜನ ಗಂಡಸರೂ ಬೇಲಿಯ ಹತ್ತಿರ ಕೂತು ಉಣ್ಣೆ ನೂಲುತ್ತಿದ್ದರು. ತಡೆಯಲಾರದೆ ಹೇಳಿಯೇಬಿಟ್ಟೆ. ಇದು ಸರ್ಕಾರದ ಗೂಟ, ಇದರೊಳಗೆ ಇನ್ನು ಗುಡ್ಲು ಇರಕೂಡದು, ಹೆತ್ತವಳನ್ನು ಹೊರಗಿಡುವುದು ಮನುಷ್ಯರು ಮಾಡುವ ಕೆಲಸವಲ್ಲ, ಮನೆಯೊಳಗೆ ಕರೆದುಕೊಳ್ಳಿ ಎಂದೆ. ನನ್ನ ದನಿ ಸ್ವಲ್ಪ ಏರಿತ್ತು.

ಕಾಟಲಿಂಗಪ್ಪ ಎದ್ದು ನಿಂತು, "ಆತು ಸ್ವಾಮಿ. ನೀವು ಬರೋದ್ರಾಗೆ ಜಾಗ ಖಾಲಿ ಇರ್ತೈತೆ" ಎಂದ.

ಎಷ್ಟು ಸುಲಭವಾಗಿತ್ತು! ಇಷ್ಟು ದಿನ ನೆಟ್ಟಗೆ ಹೇಳುವವರೇ ಇವರಿಗೆ ಸಿಕ್ಕಿರಲಿಲ್ಲ. ದಾರಿಯುದ್ದಕ್ಕೂ ಮನಸ್ಸು ಹಗುರವಾಗಿತ್ತು.

೨ ಜನವರಿ ೧೯೭೫. ಚಿತ್ರದುರ್ಗ

ಹೆಣ್ಣು ಮಗು. ಭಾನುವಾರ ಬೆಳಿಗ್ಗೆ. ತಾಯಿ ಮಗು ಆರೋಗ್ಯವಾಗಿದ್ದಾರೆ.

ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಅತ್ತೆ ಬೊಮ್ಮಕ್ಕನವರು ಕೋಣೆಯ ಹೊಸ್ತಿಲಲ್ಲಿ ಕೈ ಅಡ್ಡ ಹಿಡಿದು ನಿಂತರು. "ಒಳಗೆ ಬೇಡ, ಅಲ್ಲೇ ನಿಂತು ನೋಡಿ."

"ನಮ್ಮಲ್ಲಿ ಸೂತಕ ಇಲ್ಲವಲ್ಲ" ಎಂದೆ.

"ಸೂತಕ ಯಾರು ಅಂದ್ರು? ಪದ್ಧತಿ. ಊರೂರು ಧೂಳು ತುಳಿದು ಬಂದಿದೀರಿ."

ಕಿಟಕಿಯ ಸಂದಿಗೂ ಬಟ್ಟೆ ತುರುಕಿದ್ದರು. ಕೆಂಡದ ಬಟ್ಟಲು, ಸಾಂಬ್ರಾಣಿ, ಎರಡು ಕಂಬಳಿ. ಸರ್ವಮಂಗಳ ಒಳಗಿನಿಂದಲೇ ಮಗುವನ್ನು ಎತ್ತಿ ತೋರಿಸಿದಳು. ಕತ್ತಲಲ್ಲಿ ಮುಖ ಸರಿಯಾಗಿ ಕಾಣಲಿಲ್ಲ, ಕೈಯಷ್ಟೇ ಕಂಡಿತು. ಕೋಣೆ ಚೆನ್ನಾಗಿ ಬೆಚ್ಚಗಿದೆ.

ಸಂಜೆ ಚಂದ್ರವಳ್ಳಿಯ ಕಡೆ ಒಬ್ಬನೇ ನಡೆದು ಬಂದೆ. ಈ ಸಲದ ಚಳಿ ಹೆಚ್ಚು.

೮ ಜನವರಿ. ಹೊಸದುರ್ಗ

ತಿರುವಿನಲ್ಲಿ ಜೀಪು ನಿಲ್ಲಿಸಿದಾಗ ಜಾಗದ ಗುರುತೇ ಹತ್ತಲಿಲ್ಲ. ಗುಡ್ಲುಗಳಿಲ್ಲ. ಬಯಲನ್ನು ಗುಡಿಸಿದ್ದರು, ಕಲ್ಲು ಆರಿಸಿ ಬದಿಗೊಟ್ಟಿದ್ದರು, ನನ್ನ ಗೂಟಗಳಿಗೆ ಸುಣ್ಣ ಹಚ್ಚಿದ್ದರು. ಕಾಟಲಿಂಗಪ್ಪ ನಗುತ್ತ ಬಂದ.

"ಚಿತ್ತಮ್ಮ ಮನೆಯೊಳಗೆ ಬಂದಳೋ?" ಎಂದೆ.

ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಒಳಗೆ ಹೆಂಗೆ ಬರ್ತಾಳೆ ಸ್ವಾಮಿ? ಹಳ್ಳದ ತಗ್ಗಿಗೆ ಹಾಕೀವಿ. ನಿಮ್ ಗೂಟಕ್ಕೆ ಅಡ್ಡ ಆಗಬಾರ್ದಲ್ಲ."

"ರಸ್ತೆ ಬರೋದು ಇನ್ನೂ ಯಾವ ಕಾಲಕ್ಕೋ! ನಾನು ಬರೀ ಅಳೆಯೋಕೆ ಬಂದವನು."

"ಗೂಟ ಹೊಡೆದ್ರಲ್ಲ" ಎಂದ ಅವನು. ಅಷ್ಟೇ ಸಾಕು ಎನ್ನುವಂತೆ.

ಮಾತು ಕೊಟ್ಟಂತೆ ನಡೆದುಕೊಂಡ ಮನುಷ್ಯ. ಇವನನ್ನು ಬೈಯುವುದು ಹೇಗೆ?

೯ ಜನವರಿ

ಹಳ್ಳದ ತಗ್ಗಿಗೆ ಹೋಗಿದ್ದೆ. ಅಲ್ಲಿಗೆ ಬಿಸಿಲು ತಡವಾಗಿ ಬೀಳುತ್ತದೆ. ಹುಲ್ಲಿನ ಮೇಲೆ ಇಬ್ಬನಿ ಹಾಗೇ ಇತ್ತು. ಹೆಜ್ಜೆ ಇಟ್ಟರೆ ನೆಲ ಒದ್ದೆ. ಸುತ್ತ ಲಂಟಾನ. ಗುಡ್ಲಿನ ಸೊಪ್ಪು ಇನ್ನೂ ಹಸಿ. ಚಿತ್ತಮ್ಮ ನನ್ನನ್ನು ನೋಡಿ ಮಗುವಿಗೆ ಸೆರಗು ಹೊದಿಸಿದಳು. ಮಗು ಕೆಮ್ಮುತ್ತಿತ್ತು.

ಅವಳ ಅತ್ತೆ ಓಬವ್ವ ದೂರದಲ್ಲಿ ಅನ್ನದ ಗಡಿಗೆ ಇಟ್ಟು ನಿಂತಿದ್ದಳು. ಒಣಕಲು ಮುದುಕಿ, ಕಣ್ಣು ಮಾತ್ರ ಚುರುಕು.

"ಇಲ್ಲೇ ನನ್ ಮಗೀನ ಕಳ್ಕಂಡಿದ್ದು" ಎಂದಳು. "ಆಮೇಲಿಂದು ಹುಟ್ಟಿದಾಗ ನಾನು ಇಲ್ಲಿಗೆ ಬರ್ಲಿಲ್ಲ. ಮಗೀನ ಕಟ್ಕಂಡು ರಸ್ತೆ ಮಗ್ಗುಲಿಗೆ ಹೋಗಿ ಕುಂತೆ. ಗಂಡಸ್ರು ಬೈದ್ರು, ಗುಡಿ ಮುಂದೆ ಸೇರಿ ಮಾತಾಡಿದ್ರು, ಕಡೀಗೆ ಸುಮ್ಕಾದ್ರು. ರಸ್ತೇನೂ ಹಟ್ಟಿಯಿಂದ ಹೊರಗೇ ಅಲ್ವಾ. ಅವತ್ತಿಂದ ನಮ್ ಹೆಣ್ಮಕ್ಳು ಅಲ್ಲೇ."

"ಈಗಲೂ ಹಾಗೇ ಹೇಳಬಹುದಿತ್ತಲ್ಲ, ಅವ್ವಾ."

"ಅವತ್ತು ಅಲ್ಲಿ ಯಾರ ಗೂಟಾನೂ ಇರ್ಲಿಲ್ಲ ಸ್ವಾಮಿ."

ಸಿಟ್ಟಿನಿಂದ ಅಂದಿದ್ದರೆ ಉತ್ತರ ಕೊಡಬಹುದಿತ್ತು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನನಗೆ ನಾಚಿಕೆಯಾಯಿತು.

೧೦ ಜನವರಿ

ಸಾಹೇಬರು ಹೊಳಲ್ಕೆರೆಯ ಕಡೆಯಿಂದ ತನಿಖೆಗೆ ಬಂದಿದ್ದರು. ಊಟ ಮಾಡುತ್ತ, "ಅವಸರ ಏನಿಲ್ಲ ಮೂರ್ತಪ್ಪ. ಈ ಸಲ ಈ ರಸ್ತೆಗೆ ದುಡ್ಡಿಲ್ಲ. ಮುಂದಿನ ಯೋಜನೆಯಲ್ಲಿ ಹಾಕಿದರೆ ಹಾಕಿದರು, ಬಿಟ್ಟರೆ ಬಿಟ್ಟರು. ವರದಿ ಕೊಟ್ಟಿರಿ, ಫೈಲಿನಲ್ಲಿರಲಿ" ಎಂದರು.

ಗೂಟದ ವಿಷಯ ಹೇಳಿದೆ. ನಕ್ಕರು. "ಗೂಟ ಯಾಕ್ರೀ ಹೊಡೆಸಿದ್ರಿ? ಅಂದಾಜಿಗೆ ಕಲ್ಲಿನ ಮೇಲೆ ಒಂದು ಬಣ್ಣದ ಗುರುತು ಸಾಕಿತ್ತು."

ಬೆಳಿಗ್ಗೆ ಹಟ್ಟಿಗೆ ಜೀಪು ತರಲು ಮುದ್ದಣ್ಣನಿಗೆ ಹೇಳಿದೆ.

೧೧ ಜನವರಿ

ಬೆಳಿಗ್ಗೆ ಹೋಗಿ ಗೂಟಗಳನ್ನೆಲ್ಲ ನಾನೇ ಕಿತ್ತೆ. ನಿಂಗ‍ಪ್ಪ "ಬಿಡ್ರಿ ಸಾ, ನಾನು ಕೀಳ್ತೀನಿ" ಎಂದರೂ ಕೊಡಲಿಲ್ಲ. ಅಂಗೈ ಬೊಕ್ಕೆ ಎದ್ದಿದೆ. ರಸ್ತೆ ಬರುವುದಿಲ್ಲ, ಬಂದರೂ ಗುಡ್ಡದ ಕಡೆಗೇ ಬರುತ್ತದೆ, ಗುಡ್ಲನ್ನು ಈಗಲೇ ಇಲ್ಲಿಗೆ ತನ್ನಿ ಎಂದು ಕಾಟಲಿಂಗಪ್ಪನ ಕೈ ಹಿಡಿದುಕೊಂಡೆ.

"ನಮ್ಮದೇನೂ ಹಟ ಇಲ್ಲ ಸ್ವಾಮಿ. ನನ್ ತಂಗೀನೂ ಆ ತಗ್ಗಿನಾಗೇ ಹೋದ್ಲು. ಆದ್ರೆ ಬಾಣಂತಿ ಗುಡ್ಲು ಎತ್ತೋದು ಅಂದ್ರೆ ದೇವ್ರನ್ನ ಕೇಳ್ಬೇಕು. ನೀವು ಹೇಳ್ದಾಗ್ಲೂ ಕೇಳೇ ಎತ್ತಿದ್ವಿ. ಸೋಮವಾರ ಹೂವು ಕೇಳ್ತೀವಿ."

ಎರಡು ದಿನ. ನನ್ನ ಮಾತಿಗೆ ಅಷ್ಟು ಬೇಗ ಖಾಲಿ ಮಾಡಿದವರು!

೧೩ ಜನವರಿ, ಸೋಮವಾರ

ದೇವರು ಬಲಕ್ಕೇ ಹೂವು ಕೊಟ್ಟಿತಂತೆ. ಎತ್ತಬಹುದು. ಆದರೆ ನಾಳೆ ಸಂಕ್ರಾಂತಿ, ನಾಡಿದ್ದು ಕುರಿಗಳಿಗೆ ಪೂಜೆ, ಹಬ್ಬದ ಮಡಿ, ಕೈ ಹಾಕುವವರಿಲ್ಲ. ಗುರುವಾರ ಎತ್ತುತ್ತಾರಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಸುಮ್ಮನೆ ಹೇಳಿಲ್ಲ. ಕಾಟಲಿಂಗಪ್ಪನ ಮುಖದಲ್ಲಿ ಮಾತ್ರ ಕಪಟವಿರಲಿಲ್ಲ, ನಾನು ಸಂತೋಷಪಡುತ್ತೇನೆ ಎಂದೇ ಓಡಿ ಬಂದು ಹೇಳಿದ್ದ.

೧೪ ಜನವರಿ

ಹೊಸದುರ್ಗದ ಅಂಗಡಿಯಲ್ಲಿ ಒಂದು ಕಂಬಳಿ ಕೊಂಡು ನಿಂಗಪ್ಪನ ಕೈಲಿ ಕಳಿಸಿದೆ. ಕುರಿ ಸಾಕುವವರ ಹಟ್ಟಿಗೆ ಕಂಬಳಿ ಕಳಿಸಿದ ಬುದ್ಧಿವಂತ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಓಬವ್ವ ನಗದೆ ಇಸಿದುಕೊಂಡಳಂತೆ. ಮಗುವಿಗೆ ಕೆಮ್ಮು ಹೆಚ್ಚಾಗಿದೆ, ಹಾಲು ಕುಡಿಯುತ್ತಿಲ್ಲ ಎಂದಳಂತೆ.

ನಾಳೆ ಹಬ್ಬವಾಗಲಿ ಏನಾಗಲಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ.

೧೫ ಜನವರಿ

ಹೊತ್ತಾರೆಯೇ ಹೋದೆವು. ಜೀಪು ತಗ್ಗಿಗೆ ಇಳಿಯುವುದಿಲ್ಲ. ಚಿತ್ತಮ್ಮ ಮಗುವನ್ನು ಕಟ್ಟಿಕೊಂಡು ರಸ್ತೆಯವರೆಗೆ ನಡೆದು ಬಂದಳು, ಓಬವ್ವ ಹಿಂದೆ. ಹಟ್ಟಿಯ ಗಂಡಸರು ಬೇಲಿಯ ಹತ್ತಿರ ನಿಂತಿದ್ದರು. ಬಾಣಂತಿ ಗಡಿ ದಾಟುವುದನ್ನು ಅವರು ಒಪ್ಪುವುದಿಲ್ಲವೇನೋ ಎಂದು ನಾನು ಜಗಳಕ್ಕೇ ಸಿದ್ಧನಾಗಿದ್ದೆ. ಕಾಟಲಿಂಗಪ್ಪ ಮುಖ ತಿರುಗಿಸಿ ನಿಂತುಕೊಂಡು, "ಹತ್ತಿಸ್ಕಳ್ರಿ, ಜಲ್ದಿ ಹೋಗ್ರಿ" ಎಂದ.

ಹಿರಿಯೂರಿನವರೆಗಿನ ಒಂದೊಂದು ಗುಂಡಿಯೂ ನನಗೆ ಗೊತ್ತು. ಎಲ್ಲವನ್ನೂ ನಾನೇ ಬರೆದುಕೊಂಡವನು. ಮುದ್ದಣ್ಣ ಜೋರು ಬಿಟ್ಟರೆ ಮಗು ಕುಲುಕುತ್ತದೆ, ನಿಧಾನ ಮಾಡಿದರೆ ಹೊತ್ತಾಗುತ್ತದೆ. ಎದುರಿಗೆ ಬಂದ ಕಬ್ಬಿನ ಲಾರಿಗೆ ದಾರಿ ಬಿಡಲು ಮಣ್ಣಿಗಿಳಿದು ಚಕ್ರ ಹೂತುಹೋಯಿತು. ನಾನು, ನಿಂಗಪ್ಪ, ಲಾರಿಯವರು ಸೇರಿ ನೂಕಿದೆವು. ಮತ್ತೆ ಹತ್ತಿ ಕೂತಾಗ ಕೆಮ್ಮು ನಿಂತಿತ್ತು. ನಿದ್ದೆ ಬಂದಿರಬೇಕು ಎಂದುಕೊಂಡೆ. ಸ್ವಲ್ಪ ದೂರ ಹೋದ ಮೇಲೆ ಓಬವ್ವ ಮುದ್ದಣ್ಣನ ಬೆನ್ನು ಮುಟ್ಟಿದಳು.

"ನಿಲ್ಸಪ್ಪ. ಇನ್ನ ಬ್ಯಾಡ. ತಿರುಗ್ಸು."

ಚಿತ್ತಮ್ಮ ಕೂಗಲಿಲ್ಲ. ಆಸ್ಪತ್ರೆಗೆ ಹೋಗೋಣ, ಡಾಕ್ಟರು ನೋಡಲಿ ಎಂದು ನಾನೇ ಅರಚುತ್ತಿದ್ದೆನಂತೆ. ನಿಂಗಪ್ಪ ಆಮೇಲೆ ಹೇಳಿದ.

೧೬ ಜನವರಿ

ಗಂಡು ಮಗು. ಹೆಸರಿಟ್ಟಿರಲಿಲ್ಲ.

೧೭ ಜನವರಿ

ಜೀಪಿನ ಸ್ಪ್ರಿಂಗು ಮುರಿದಿದೆ. ಅದನ್ನು ಮುದ್ದಣ್ಣ ಚಿತ್ರದುರ್ಗಕ್ಕೆ ರಿಪೇರಿಗೆ ಒಯ್ದ.

ಬಸ್ಸು ಹತ್ತಿ ಹಟ್ಟಿಗೆ ಹೋದೆ. ಚಿತ್ತಮ್ಮ ಇನ್ನೂ ಹಳ್ಳದ ತಗ್ಗಿನಲ್ಲೇ ಇದ್ದಾಳೆ. ಮಗು ಹೋದರೂ ಬಾಣಂತನದ ದಿನಗಳು ಅವಳಿಗೆ ಮುಗಿದಿಲ್ಲ. ಅವಳನ್ನಾದರೂ ರಸ್ತೆಯ ಪಕ್ಕಕ್ಕೆ ತನ್ನಿ, ಹೂವು ಕೊಟ್ಟಾಗಿದೆಯಲ್ಲ ಎಂದೆ.

"ಇನ್ಯಾಕೆ ಸ್ವಾಮಿ" ಎಂದ ಕಾಟಲಿಂಗಪ್ಪ. "ಅವಳೇ ಬ್ಯಾಡ ಅಂತಾಳೆ." ಮಜ್ಜಿಗೆ ತರಿಸಿದ. ಕುಡಿಯದಿದ್ದರೆ ಅವನಿಗೆ ನೋವಾಗುತ್ತದೆ ಎಂದು ಕುಡಿದೆ.

ಸಂಜೆ ವರದಿಗೆ ಕೂತೆ. ಆ ತಿರುವಿನಲ್ಲಿ ಬಲಬದಿಗೇ, ಗುಡ್ಡವನ್ನು ಕಡಿದೇ ಅಗಲ ಮಾಡತಕ್ಕದ್ದು ಎಂದು ಬರೆದೆ. ಕಾರಣ ಬರೆಯುವ ಕಡೆ, ಎಡಬದಿಯಲ್ಲಿ ಚಿತ್ತಮ್ಮನ ಮನೆ ಇದೆ ಎಂದು ಬರೆದೆ. ಅದು ನಿಯಮಕ್ಕೆ ಒಪ್ಪುವುದಿಲ್ಲ, ತಿದ್ದಬೇಕು. ಇವತ್ತು ತಿದ್ದಲಿಲ್ಲ.

ಮಗಳ ಕೋಣೆಯ ಕಿಟಕಿಯ ಬಟ್ಟೆ ತೆಗೆಯಬೇಡಿ ಎಂದು ಚಿತ್ರದುರ್ಗಕ್ಕೆ ಫೋನು ಮಾಡಿಸಿದೆ. ಅತ್ತೆ ನಕ್ಕರಂತೆ.

೧೮ ಜನವರಿ, ಶನಿವಾರ

ಹಿರಿಯೂರಿನಲ್ಲಿ ಕೆಲಸವಿತ್ತು. ಸಂತೆ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಎಡಗಡೆಯ ಕಿಟಕಿಯ ಪಕ್ಕ ಕೂತಿದ್ದ ಹೆಂಗಸು ತನ್ನ ಗಂಟನ್ನು ತೊಡೆಗೆ ಎತ್ತಿಕೊಂಡು, "ಬರ್ರಿ, ಇಲ್ಲೇ ಕುಂತ್ಕಳ್ರಿ" ಎಂದಳು. ಕೂತ ಮೇಲೆ ಗುರುತು ಹತ್ತಿತು. ಕಾಟಮ್ಮ. ಏಳಲು ನೋಡಿದೆ, ಹಿಂದೆ ಜನ ಒತ್ತಿ ನಿಂತಿದ್ದರು.

ಅವಳಿಗೆ ಮಾತಾಡುವ ಹುರುಪಿತ್ತು. ಕುರಿಮಂದೆಯ ಹಿಂದೆ ಹೊಳೆಯ ಕಡೆ ಹೋಗಿದ್ದಳಂತೆ, ಮೂರು ಸಂತೆ ತಪ್ಪಿತಂತೆ, ನಿನ್ನೆ ಕತ್ತಲಾದ ಮೇಲೆ ಊರಿಗೆ ಬಂದಳಂತೆ. "ಮುಂದೆ ಒಂದು ತಿರುವು ಬರ್ತೈತೆ ಸ್ವಾಮಿ. ಅಲ್ಲಿ ನನ್ ಮಗಳು ಮಗೀನ ಎತ್ತಿ ತೋರಿಸ್ತಾಳೆ. ನೀವೂ ನೋಡ್ರಿ. ನಾಕು ವಾರ ಆತು, ಮಕ ತುಂಬ್ಕಂಡಿರ್ತೈತೆ ಈಗ."

ಆಗಲೇ ಹೇಳಬೇಕಿತ್ತು. ಅವಳು ಕಿಟಕಿಯ ಟಾರ್ಪಾಲು ಸುತ್ತಿ ಮೇಲೆ ಕಟ್ಟಿದಳು, ಸೆರಗು ಸರಿಮಾಡಿಕೊಂಡಳು. ಡ್ರೈವರು ಗೇರ್ ಇಳಿಸಿದ. ಅವಳು ಸೊಂಟದವರೆಗೂ ಹೊರಗೆ ಬಾಗಿದಳು.

ಗುಡಿಸಿದ ಬಯಲು ಹಾಗೇ ಇತ್ತು. ಗೂಟ ಕಿತ್ತ ಕುಳಿಗಳು ಸಾಲಾಗಿ ಕಾಣುತ್ತಿದ್ದವು. ಬಸ್ಸು ನಿಂತೇಬಿಟ್ಟಿತು ಎನ್ನುವಷ್ಟು ನಿಧಾನವಾಯಿತು, ಆಮೇಲೆ ಡ್ರೈವರೂ ಒಮ್ಮೆ ತಿರುಗಿ ನೋಡಿ ಗೇರ್ ಏರಿಸಿದ. ಅವಳು ಒಳಗೆ ಬಂದು ಕೂತು, "ಗುಡ್ಲೇ ಇಲ್ಲ" ಎಂದಳು. ಯಾರಿಗೂ ಅಲ್ಲ, ತನಗೇ.

ಹೇಳಿದೆ. ಹಳ್ಳದ ತಗ್ಗು, ಕೆಮ್ಮು, ಬುಧವಾರ, ಜೀಪಿನಲ್ಲಿ ನಾನೂ ಇದ್ದದ್ದು. ಗೂಟ ಹೊಡೆಸಿದ್ದು ನಾನೇ ಎಂದೂ ಹೇಳಿದೆ. ಬಸ್ಸಿನ ಗದ್ದಲದಲ್ಲಿ ಎಷ್ಟು ಕೇಳಿಸಿತೋ ತಿಳಿಯದು. ಅವಳು ಗಂಟನ್ನು ಎದೆಗೆ ಅವಚಿಕೊಂಡು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಗುಡ್ಲು ಯಾಕೆ ಎತ್ತಿದ್ರು?"

"ರಸ್ತೆ ಬರುತ್ತೆ ಅಂತ."

ಅವಳು ಕಿಟಕಿಯಿಂದ ಕೆಳಗೆ ನೋಡಿದಳು, ಓಡುತ್ತಿದ್ದ ಟಾರನ್ನು ನೋಡಿದಳು, ಮತ್ತೆ ನನ್ನ ಕಡೆ ತಿರುಗಿದಳು.

"ರಸ್ತೆ ಇಲ್ಲೇ ಐತಲ್ಲ ಸ್ವಾಮಿ" ಎಂದಳು.